ಕಡಲ ಚಿತ್ರಪುಸ್ತಕಗಳಲ್ಲಿ ಸ್ವಭಾವೋಕ್ತಿ

ಮಹಾಕಾವ್ಯದ ಲಕ್ಷಣವನ್ನು ಹೇಳುವ ಆಲಂಕಾರಿಕರು ಅದರಲ್ಲಿ ಇರತಕ್ಕ ವರ್ಣನೆಗಳನ್ನು ಎಣಿಸುವಾಗ ನಗರವನ್ನೂ ಸಮುದ್ರವನ್ನೂ ಮೊದಲಲ್ಲಿಯೇ ಇಟ್ಟಿರುವರು. ಕನ್ನಡದ ಚಂಪೂಕವಿಗಳು ಈ ಅಷ್ಟಾದಶವರ್ಣನೆಯ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದರು. ಅವರಲ್ಲಿ ಅನೇಕರು ಒಳನಾಡಿನವರು. ಕಡಲನ್ನು ಕಣ್ಣಾರೆ ಕಂಡು ಬರೆದರೋ, ಹಿಂದಿನವರ ಕಾವ್ಯದಲ್ಲಿ ಕಂಡು ಬರೆದರೋ ಎಂಬ ಸಂಶಯ ಓದುಗನಿಗೆ ಬರುವಷ್ಟು ಅವರ ಕಡಲುಗಳು ಒಂದನ್ನೊಂದು ಹೋಲುತ್ತವೆ. ಮಕರಗಳು, ಹವಳದ ಬಳ್ಳಿ, ಬಡಬಾಗ್ನಿ, ಸ್ವಾತಿಯ ಮಳೆಹನಿಯನ್ನು ನುಂಗಿ ಮುತ್ತನ್ನು ಹೆರುವ ಸಿಂಪಿ, ಇವೆಲ್ಲವೂ ಕವಿಸಮಯಗಳು. ಲೋಕದಲ್ಲಿ ಇವು ಹೀಗೆಯೇ ಇವೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಮೇಯವೂ ಇರಲಿಲ್ಲ. ಕಾವ್ಯದ ಪ್ರಯೋಜನವು ರಸ. ರಸಕ್ಕೆ ಅಡ್ಡಿಯಾಗದಿದ್ದರೆ ಕವಿಸಮಯವು ದೋಷವಲ್ಲವೆಂದು ಶಾಸ್ತ್ರಕಾರರು ಒಪ್ಪಿಕೊಂಡಿರುವರು.

ಮಕ್ಕಳ ಚಿತ್ರಪುಸ್ತಕದ ವಿಷಯ ಹಾಗಲ್ಲ. ಪ್ರೌಢನಾದ ಸಹೃದಯನು ಸಿಂಪಿಯಲ್ಲಿ ಮಳೆಹನಿ ಮುತ್ತಾಗುವುದೆಂದು ನಂಬಿ ಕಾವ್ಯವನ್ನು ಓದುವುದಿಲ್ಲ. ನಂಬಿದಂತೆ ನಟಿಸಿ ಸಂತೋಷಪಡುತ್ತಾನೆ. ನಾಲ್ಕು ವರ್ಷದ ಮಗುವಿಗೆ ಈ ನಟನೆ ತಿಳಿಯದು. ಅದಕ್ಕೆ ಚಿತ್ರವೇ ಪ್ರತ್ಯಕ್ಷ, ಓದಿ ಹೇಳುವ ತಾಯಿಯ ಮಾತೇ ಆಪ್ತವಾಕ್ಯ. ರಾಯಚೂರಿನಲ್ಲಿಯೋ ಕೋಲಾರದಲ್ಲಿಯೋ ಬೆಳೆಯುವ ಮಗುವಿನ ಕೈಯಲ್ಲಿರುವ ಪುಸ್ತಕದಲ್ಲಿ ಹಸುವಿನ ಚಿತ್ರ ತಪ್ಪಾಗಿದ್ದರೆ ಬೀದಿಯಲ್ಲಿ ನಡೆದುಹೋಗುವ ಹಸುವೇ ಅದನ್ನು ತಿದ್ದುತ್ತದೆ. ಅಷ್ಟಪದಿಯ ಚಿತ್ರ ತಪ್ಪಾಗಿದ್ದರೆ ತಿದ್ದುವವರಾರು? ಕಡಲಜೀವಿಗಳನ್ನು ಕುರಿತ ಚಿತ್ರಪುಸ್ತಕಗಳು ಮಿಕ್ಕ ಚಿತ್ರಪುಸ್ತಕಗಳಿಗಿಂತ ಹೆಚ್ಚು ಕಟ್ಟುನಿಟ್ಟಾದ ವಿಮರ್ಶೆಗೆ ಪಾತ್ರವಾಗಬೇಕಾದುದು ಈ ಕಾರಣದಿಂದ. ಆದರೆ ವಾಸ್ತವದಲ್ಲಿ ಅವಕ್ಕೆ ದೊರೆಯುವುದು ಬಣ್ಣದ ಹೊಗಳಿಕೆ, ನೀತಿಯ ಹೊಗಳಿಕೆ ಇವೆರಡೇ.

ಈ ಪುಸ್ತಕಗಳನ್ನು ಅಳೆಯಲು ಹೊಸದೊಂದು ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಸ್ವಭಾವೋಕ್ತಿಯ ವಿಚಾರದಲ್ಲಿ ನಮ್ಮ ಆಲಂಕಾರಿಕರು ನಡೆಸಿದ ವಾದವೇ ಇಲ್ಲಿಗೆ ಸಾಕು. ವಸ್ತುವಿನ ಬೇರೆಬೇರೆ ಅವಸ್ಥೆಗಳ ರೂಪವನ್ನು ಇದ್ದಂತೆ ಕಣ್ಣಿಗೆ ಕಟ್ಟುವಂತೆ ಹೇಳುವುದು ಸ್ವಭಾವೋಕ್ತಿ. ಇದಕ್ಕೆ ಜಾತಿಯೆಂದೂ ಹೆಸರು. ದಂಡಿಯು ಇದನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಕವಿರಾಜಮಾರ್ಗವೂ ಅವನ ದಾರಿಯನ್ನೇ ಹಿಡಿದು ಜಾತಿಗೆ ಸ್ಥಾನ ಕೊಟ್ಟಿತು. ಕುಂತಕನು ಇದನ್ನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವೇ ಶರೀರವಾಗಿರುವಾಗ ಅದನ್ನೇ ಆಭರಣವೆಂದರೆ ಶರೀರವು ತನ್ನ ಹೆಗಲ ಮೇಲೆ ತಾನೇ ಏರಿ ಕುಳಿತಂತಾಗುವುದೆಂಬುದು ಅವನ ಆಕ್ಷೇಪದ ತಾತ್ಪರ್ಯ. ಮಹಿಮಭಟ್ಟನು ಇದಕ್ಕೆ ಕೊಟ್ಟ ಸಮಾಧಾನವು ಬಹಳ ಸೂಕ್ಷ್ಮವಾದುದು. ಪ್ರತಿಯೊಂದು ವಸ್ತುವಿಗೂ ಎರಡು ರೂಪಗಳುಂಟು: ಒಂದು ಸಾಮಾನ್ಯ, ಇನ್ನೊಂದು ವಿಶಿಷ್ಟ. ಸಾಮಾನ್ಯರೂಪವು ಎಲ್ಲರ ಮಾತಿಗೂ ಸಿಕ್ಕುವಂಥದು. ಅದನ್ನು ಹೇಳಿದ ಮಾತ್ರಕ್ಕೆ ಅಲಂಕಾರವಾಗದು. ವಿಶಿಷ್ಟರೂಪವಾದರೋ ಪ್ರತಿಭೆಯುಳ್ಳವನ ಕಣ್ಣಿಗೆ ಮಾತ್ರ ಬೀಳುತ್ತದೆ. ಅದನ್ನು ತೋರಿಸುವುದೇ ಸ್ವಭಾವೋಕ್ತಿ. ಮಕ್ಕಳ ಕಡಲಪುಸ್ತಕಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಗೆರೆಯು ಸರಿಯಾಗಿ ಇಲ್ಲಿಯೇ ಹಾದುಹೋಗುತ್ತದೆ.

ಮೊದಲು ಸಾಮಾನ್ಯರೂಪದ ಪುಸ್ತಕಗಳನ್ನು ನೋಡಬಹುದು. ಅವುಗಳೇ ಸಂಖ್ಯೆಯಲ್ಲಿ ಹೆಚ್ಚು. ಇವು ತಮ್ಮದೇ ಆದ ಕವಿಸಮಯಗಳನ್ನು ಕಟ್ಟಿಕೊಂಡಿವೆ. ಏಡಿಯು ಯಾವಾಗಲೂ ಕೆಂಪು. ಜೀವಂತವಾದ ಏಡಿಗಳಲ್ಲಿ ಕಂದು, ಹಸುರು, ನೀಲಿ ಬಣ್ಣಗಳೇ ಹೆಚ್ಚು. ಹುಟ್ಟಿನಿಂದ ಕೆಂಪಾದವು ಕೆಲವು ಜಾತಿಗಳು ಮಾತ್ರ. ಚಿಪ್ಪಿನಲ್ಲಿ ಪ್ರೋಟೀನಿನೊಡನೆ ಬೆಸೆದುಕೊಂಡಿರುವ ವರ್ಣದ್ರವ್ಯವು ಕಾವಿಗೆ ಬಿಡುಗಡೆಯಾಗಿ ಬೇಯಿಸಿದ ಏಡಿ ಕೆಂಪಗಾಗುತ್ತದೆ. ಎಂದರೆ ಚಿತ್ರಕಾರನು ಏಡಿಯನ್ನು ಕಂಡದ್ದು ಕಡಲಲ್ಲಿ ಅಲ್ಲ, ಊಟದ ತಟ್ಟೆಯಲ್ಲಿ. ತಿಮಿಂಗಿಲದ ನೆತ್ತಿಯಿಂದ ದೇವಸ್ಥಾನದ ಕಾರಂಜಿಯಂತೆ ನೀರು ಚಿಮ್ಮುತ್ತದೆ. ನಿಜವಾಗಿ ಅಲ್ಲಿಂದ ಹೊರಡುವುದು ಆ ಪ್ರಾಣಿಯ ಉಸಿರು, ಹಿಡಿದಿಟ್ಟಿದ್ದ ಬಿಸಿಯುಸಿರು ತಣ್ಣನೆಯ ಗಾಳಿಯಲ್ಲಿ ಹಬೆಯಾಗಿ ಕಾಣುತ್ತದೆ. ನಕ್ಷತ್ರಮೀನಿಗೆ ನಡುವೆ ಎರಡು ಕಣ್ಣು, ಒಂದು ನಗು. ಅದರ ಬಾಯಿ ಇರುವುದು ಹೊಟ್ಟೆಯ ಕೆಳಗೆ; ಬೆಳಕನ್ನು ಗುರುತಿಸುವ ಚುಕ್ಕೆಗಳಿರುವುದು ತೋಳುಗಳ ತುದಿಯಲ್ಲಿ; ಮೆದುಳೆಂಬುದೇ ಅದಕ್ಕಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕವಿಸಮಯವೆಂದರೆ, ಒಂದೇ ಪುಟದಲ್ಲಿ ಧ್ರುವಪ್ರದೇಶದ ತಿಮಿಂಗಿಲ, ಉಷ್ಣವಲಯದ ಹವಳ, ಕಗ್ಗತ್ತಲೆಯ ಆಳದ ದೀಪಮೀನು ಎಲ್ಲವೂ ಸಂತೆಗೆ ನೆರೆದವರಂತೆ ಕೂಡಿರುವುದು. ಕಡಲು ಎಂದರೆ ನೀಲಿ ಬಣ್ಣ ಬಳಿದ ಒಂದು ಕೋಣೆಯೆಂದೇ ಮಗು ತಿಳಿಯುತ್ತದೆ.

ಇನ್ನು ವಿಶಿಷ್ಟರೂಪವನ್ನು ಹಿಡಿಯಲೆಳಸಿದ ಪುಸ್ತಕಗಳು. ಒಂದೇ ಪ್ರಾಣಿಯನ್ನು ಕುರಿತು ಅಮೆರಿಕದಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿರಿಸಿದರೆ ವಿಚಾರ ಸ್ಪಷ್ಟವಾಗುವುದು. ಪ್ರಾಣಿಯು ಕನ್ನಡದಲ್ಲಿ ಸಂನ್ಯಾಸಿ ಏಡಿಯೆಂದು ಕರೆಯಲ್ಪಡುವುದು. ಕೃತಿಗಳು ಹೋಲಿಂಗ್ ಕ್ಲ್ಯಾನ್ಸಿ ಹೋಲಿಂಗನ 'ಪಾಗೂ' (೧೯೫೭) ಮತ್ತು ಎರಿಕ್ ಕಾರ್ಲನ 'ಎ ಹೌಸ್ ಫಾರ್ ಹರ್ಮಿಟ್ ಕ್ರ್ಯಾಬ್' (೧೯೮೭). ಈ ಏಡಿಯ ಮುಂಭಾಗಕ್ಕೆ ಗಟ್ಟಿಯಾದ ಕವಚವುಂಟು; ಹಿಂಭಾಗವು ಮೆತ್ತಗೆ, ಒಂದು ಕಡೆಗೆ ಸುರುಳಿಯಾಗಿ ತಿರುಚಿಕೊಂಡಿರುವುದು. ಸತ್ತ ಶಂಖಜೀವಿಯ ಬರಿದಾದ ಚಿಪ್ಪಿನೊಳಗೆ ಆ ಮೃದುಭಾಗವನ್ನು ಸೇರಿಸಿ, ಕೊನೆಯ ಕಾಲುಗಳಿಂದ ಒಳಗಂಬವನ್ನು ಹಿಡಿದುಕೊಂಡು, ಮನೆಯನ್ನು ಹೊತ್ತೇ ನಡೆಯುವುದು. ಮೈ ಬೆಳೆದಂತೆ ಮನೆ ಸಾಲದಾಗುತ್ತದೆ. ಆಗ ದೊಡ್ಡ ಚಿಪ್ಪನ್ನು ಹುಡುಕಿ ಕ್ಷಣಾರ್ಧದಲ್ಲಿ ದಾಟಿಕೊಳ್ಳಬೇಕು. ಆ ಕ್ಷಣವು ಅದರ ಬಾಳಿನಲ್ಲಿ ಅತ್ಯಂತ ಅಪಾಯದ ಕ್ಷಣ. ಒಬ್ಬ ಕಥೆಗಾರನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಹೋಲಿಂಗನು ತನ್ನ ಪತ್ನಿ ಲೂಸಿಲ್ ವೆಬ್‌ಸ್ಟರ್ ಹೋಲಿಂಗಳೊಡನೆ ಚಿತ್ರಿಸಿದ 'ಪಾಗೂ' ಈ ಏಡಿಯ ಬಾಳನ್ನು ಮೊದಲಿನಿಂದ ಹೇಳುತ್ತದೆ. ಹೆಸರೇ ಪ್ರಾಣಿಶಾಸ್ತ್ರದ 'ಪಾಗುರಸ್' ಎಂಬ ಕುಲನಾಮದಿಂದ ಬಂದದ್ದು. ಕಥೆಯು ಚಿಪ್ಪಿನಲ್ಲಿ ಆರಂಭವಾಗುವುದಿಲ್ಲ. ನೀರಿನಲ್ಲಿ ತೇಲುವ ಕಣದಂಥ ಮರಿಯಲ್ಲಿ ಆರಂಭವಾಗುತ್ತದೆ. ಏಡಿಯ ಮರಿಯು ಏಡಿಯಂತೆ ಕಾಣದು, ಎಷ್ಟೋ ಸಲ ಪೊರೆ ಕಳಚಿದ ಮೇಲೆಯೇ ಅದಕ್ಕೆ ತಾಯಿಯ ರೂಪ ಬರುವುದು ಎಂಬ ಸಂಗತಿಯನ್ನು ಮಗು ಇಲ್ಲಿ ಬೆರಗಿನಿಂದ ಅರಿಯುತ್ತದೆ. ಪುಟದ ಅಂಚುಗಳಲ್ಲಿ ಬರೆದ ಸಣ್ಣ ಸಣ್ಣ ರೇಖಾಚಿತ್ರಗಳೇ ಈ ಪುಸ್ತಕದ ಜೀವಾಳ. ನಡುವೆ ಕಥೆ ಹರಿಯುತ್ತಿದ್ದರೆ ಅಂಚಿನಲ್ಲಿ ಕೊಂಬು, ಕಾಲು, ಕಣ್ಣಿನ ದಂಟು ಬಿಡಿಬಿಡಿಯಾಗಿ ನಿಂತಿರುತ್ತವೆ. ಹಳೆಯ ಓಲೆಯ ಪ್ರತಿಗಳಲ್ಲಿ ಮೂಲದ ಸುತ್ತ ಟೀಕೆಯನ್ನು ಬರೆದಂತೆ. ಇಳಿತದ ವೇಳೆಯಲ್ಲಿ ಬಂಡೆಗಳ ನಡುವೆ ಉಳಿಯುವ ನೀರಿನ ಕುಳಿಯೊಂದು ಇಡೀ ಲೋಕವಾಗಿ ತೆರೆದುಕೊಳ್ಳುತ್ತದೆ.

ಹೋಲಿಂಗನ ದೋಷವೂ ಇದೇ ಗುಣದಿಂದ ಬಂದದ್ದು. ಅವನಿಗೆ ಎಲ್ಲವನ್ನೂ ಹೇಳಬೇಕೆಂಬ ಹಂಬಲ. ಏಡಿಯ ಸಹಜಪ್ರವೃತ್ತಿಯನ್ನು ಅವನು ಅದರ ಒಳಗೆ ಕುಳಿತು ಬುದ್ಧಿ ಹೇಳುವ ಹಳೆಯ ಗೆಳೆಯನನ್ನಾಗಿ ಮಾಡಿದ್ದಾನೆ; ಈ ಉಪಾಯವು ಮೊದಲು ಸೊಗಸಾಗಿ ಕಂಡರೂ ಬರುಬರುತ್ತ ಬೇಸರ ತರುತ್ತದೆ, ಏಕೆಂದರೆ ಪ್ರಾಣಿಯು ಮಾಡುವ ಪ್ರತಿಯೊಂದು ಕೆಲಸಕ್ಕೂ ಒಬ್ಬ ಮಂತ್ರಿ ಬಂದು ನಿಲ್ಲುತ್ತಾನೆ. ಓದುವ ವಯಸ್ಸಿಗೆ ಬಂದ ಮಗುವಿಗಲ್ಲದೆ ಎಳೆಯ ಮಗುವಿಗೆ ಈ ಪುಸ್ತಕ ದಕ್ಕುವುದು ಕಷ್ಟ.

ಕಾರ್ಲನು ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯನ್ನು ಹಿಡಿದನು. ಹೇಳಿದ್ದು ಬಹಳ ಕಡಮೆ. ಏಡಿಗೆ ಹಳೆಯ ಚಿಪ್ಪು ಸಾಲದಾಯಿತು. ಹೊಸ ಚಿಪ್ಪು ದೊರೆಯಿತು, ಆದರೆ ಅದು ತೀರ ಬೋಳಾಗಿತ್ತು. ತಿಂಗಳು ತಿಂಗಳಿಗೆ ಒಂದೊಂದು ಜೀವಿಯನ್ನು ಅದು ತನ್ನ ಮನೆಗೆ ಕರೆಯುತ್ತದೆ: ಅನಿಮೊನಿ ಎಂಬ ಕಡಲಹೂವು, ನಕ್ಷತ್ರಮೀನು, ಹವಳ, ಚಿಪ್ಪನ್ನು ನೆಕ್ಕಿ ಶುಚಿಮಾಡುವ ಬಸವನಹುಳು, ಕಾವಲಿಗೆ ಮುಳ್ಳುಚೆಂಡಿನಂಥ ಅರ್ಚಿನ್. ಮನೆ ಸಿಂಗಾರವಾಗುವ ಹೊತ್ತಿಗೆ ಮೈ ಮತ್ತೆ ಬೆಳೆದಿರುತ್ತದೆ. ಕಷ್ಟಪಟ್ಟು ಅಲಂಕರಿಸಿದ ಮನೆಯನ್ನು ಏಡಿಯು ತನಗಿಂತ ಸಣ್ಣ ಏಡಿಯೊಂದಕ್ಕೆ ಬಿಟ್ಟುಕೊಟ್ಟು ಮುಂದಿನ ದೊಡ್ಡ ಬೋಳು ಚಿಪ್ಪಿನತ್ತ ನಡೆಯುತ್ತದೆ. ಬೆಳೆಯುವುದೆಂದರೆ ಇದ್ದುದನ್ನು ಬಿಡುವುದು ಎಂಬ ಮಾತನ್ನು ಕಾರ್ಲನು ಎಲ್ಲಿಯೂ ಉಪದೇಶಿಸುವುದಿಲ್ಲ. ಏಡಿಯ ಮೈಯೇ ಅದನ್ನು ಹೇಳುತ್ತದೆ. ಹೊಸ ತರಗತಿಗೆ ಹೋಗಲು ಅಳುವ ಮಗುವಿಗೂ ಪೊರೆ ಕಳಚುವ ಏಡಿಗೂ ನಡುವೆ ಇರುವ ಸಾಮ್ಯವು ಹೊರಗಿನಿಂದ ಅಂಟಿಸಿದುದಲ್ಲ. ಸ್ವಭಾವವೇ ಅಲಂಕಾರವಾಗಬಲ್ಲುದೆಂಬ ಪಕ್ಷಕ್ಕೆ ಇದಕ್ಕಿಂತ ನಿರಾಡಂಬರವಾದ ಉದಾಹರಣೆ ದೊರೆಯುವುದು ಅಪೂರ್ವ.

ಬಿಟ್ಟ ಮನೆಯನ್ನು ಕಿರಿಯನು ಸೇರುವ ಈ ಪ್ರಸಂಗವು ಪ್ರಾಣಿಶಾಸ್ತ್ರಕ್ಕೂ ಸಮ್ಮತವಾದುದು. ದೊಡ್ಡದೊಂದು ಚಿಪ್ಪು ದಡಕ್ಕೆ ಬಂದಾಗ ಕೆಲವು ಜಾತಿಯ ಸಂನ್ಯಾಸಿ ಏಡಿಗಳು ಗಾತ್ರದ ಕ್ರಮದಲ್ಲಿ ಸಾಲಾಗಿ ನಿಂತು, ಮೊದಲನೆಯದು ಹೊಸ ಚಿಪ್ಪಿಗೆ ದಾಟಿದೊಡನೆ ಎರಡನೆಯದು ಮೊದಲನೆಯದರ ಮನೆಗೆ, ಮೂರನೆಯದು ಎರಡನೆಯದರ ಮನೆಗೆ ಹೀಗೆ ಸಾಲುಸಾಲಾಗಿ ಮನೆ ಬದಲಿಸುವುದನ್ನು ವಿಜ್ಞಾನಿಗಳು ನೋಡಿ ಬರೆದಿರುವರು. ಕಡಲಹೂವನ್ನು ಬೆನ್ನಮೇಲೆ ಹೊರುವ ಜಾತಿಗಳೂ ನಿಜವಾಗಿ ಉಂಟು. ಆ ಹೂವಿನ ಕುಟುಕುವ ಎಳೆಗಳಿಂದ ಏಡಿಗೆ ರಕ್ಷಣೆ. ಏಡಿ ಚೆಲ್ಲಿದ ಆಹಾರದಿಂದ ಹೂವಿಗೆ ಊಟ. ಆದರೆ ಇಲ್ಲಿ ನಿಸರ್ಗವು ಕಾರ್ಲನನ್ನು ಮೀರಿಸಿದೆ. ಅವನ ಏಡಿ ಗೆಳೆಯರನ್ನು ಹಳೆಯ ಮನೆಯಲ್ಲಿಯೇ ಬಿಟ್ಟುಹೋಗುತ್ತದೆ. ನಿಜವಾದ ಏಡಿಗಳಲ್ಲಿ ಕೆಲವು ಮನೆ ಬದಲಿಸಿದ ಮೇಲೆ ಹಳೆಯ ಚಿಪ್ಪಿನ ಬಳಿಗೆ ಬಂದು, ಕೊಂಬಿನಿಂದ ಹೂವನ್ನು ಮೆಲ್ಲಮೆಲ್ಲನೆ ತಟ್ಟಿ ಸಡಿಲಿಸಿ, ಎತ್ತಿ ಹೊಸ ಚಿಪ್ಪಿನ ಮೇಲೆ ಕೂರಿಸಿಕೊಳ್ಳುತ್ತವೆ. ಇಂಥ ಚಿತ್ರವೊಂದನ್ನು ಕಾರ್ಲನು ಬರೆಯದೆ ಬಿಟ್ಟದ್ದು ಕಥೆಯ ಒತ್ತಾಯಕ್ಕಾಗಿ. ತ್ಯಾಗ ಪೂರ್ಣವಾಗಬೇಕಾದರೆ ಹೂವು ಹಿಂದೆ ಉಳಿಯಬೇಕಾಗಿತ್ತು.

ಕಾರ್ಲನಲ್ಲಿ ಕ್ಷಮಿಸಲಾಗದ ಎಡವಟ್ಟುಗಳೂ ಇಲ್ಲದಿಲ್ಲ. ಕಡಲಕಳೆಯ ಕತ್ತಲ ಕಾಡಿನಲ್ಲಿ ದಾರಿ ತೋರಲು ಬರುವ ಲಾಂದ್ರಮೀನುಗಳು ಹಗಲೆಲ್ಲ ನೂರಾರು ಮೀಟರ್ ಆಳದಲ್ಲಿರುವಂಥವು. ರಾತ್ರಿಯಲ್ಲಿ ಮಾತ್ರ ಮೇಲ್ನೀರಿಗೆ ಏರುತ್ತವೆ. ಕಥೆಯ ಕೊನೆಯಲ್ಲಿ ಏಡಿಯು ತನ್ನ ಮುಂದಿನ ಮನೆಗೆ ಬರಬಹುದಾದವರನ್ನು ನೆನೆಯುವಾಗ ವಿದ್ಯುತ್ತಿನ ಹಾವುಮೀನಿನ ಹೆಸರೂ ಬರುತ್ತದೆ. ಅದು ದಕ್ಷಿಣ ಅಮೆರಿಕದ ಹೊಳೆಗಳ ಸಿಹಿನೀರಿನ ಪ್ರಾಣಿ. ಕಡಲಿಗೆ ಬರುವುದೇ ಇಲ್ಲ. ಒಂದೇ ಮಾತಿನ ತಪ್ಪಾದರೂ ಸಿಹಿನೀರು ಉಪ್ಪುನೀರುಗಳ ಭೇದವೆಂಬುದು ಕಡಲನ್ನು ಕಲಿಸುವ ಪುಸ್ತಕದ ಮೊದಲ ಪಾಠವಾದುದರಿಂದ ಇದನ್ನು ಸಣ್ಣದೆನ್ನುವಂತಿಲ್ಲ.

ಈ ಎರಡು ಕೃತಿಗಳ ಎದುರಿಗೆ ಸ್ವಿಟ್ಜರ್ಲೆಂಡಿನ ಮಾರ್ಕುಸ್ ಫಿಸ್ಟರನ 'ಕಾಮನಬಿಲ್ಲಿನ ಮೀನು' ಎಂಬ ಪುಸ್ತಕವನ್ನು ಇರಿಸಿ ನೋಡಬೇಕು. ೧೯೯೨ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಇದು ಅನೇಕ ಭಾಷೆಗಳಿಗೆ ಹೋಗಿದೆ. ಲೋಕದ ಎಷ್ಟೋ ಮಕ್ಕಳಿಗೆ ಮೊದಲು ಪರಿಚಯವಾಗುವ ಮೀನೇ ಇದು. ಹೊಳೆಯುವ ಹುರುಪೆಗಳುಳ್ಳ ಮೀನೊಂದು ಗರ್ವದಿಂದ ಒಂಟಿಯಾಗುತ್ತದೆ. ಗುಹೆಯಲ್ಲಿರುವ ಜ್ಞಾನಿಯಾದ ಅಷ್ಟಪದಿಯ ಸಲಹೆಯಂತೆ ತನ್ನ ಹುರುಪೆಗಳನ್ನು ಒಂದೊಂದಾಗಿ ಇತರ ಮೀನುಗಳಿಗೆ ಹಂಚುತ್ತದೆ. ಒಂದನ್ನು ಮಾತ್ರ ಉಳಿಸಿಕೊಂಡು ಎಲ್ಲರ ಗೆಳೆತನವನ್ನು ಪಡೆಯುತ್ತದೆ. ಹುರುಪೆಗಳನ್ನು ಮಿರುಗುವ ಹಾಳೆಯಿಂದ ಮುದ್ರಿಸಿದ್ದಾರೆ. ಪುಟವನ್ನು ಅಲುಗಿಸಿದರೆ ಬಣ್ಣಗಳು ಹಾರಾಡುತ್ತವೆ. ಮಕ್ಕಳು ಇದಕ್ಕೆ ಮರುಳಾದುದರಲ್ಲಿ ಆಶ್ಚರ್ಯವಿಲ್ಲ.

ಹಂಚಿಕೊಳ್ಳಬೇಕೆಂಬ ನೀತಿಯನ್ನು ಯಾರೂ ಅಲ್ಲಗಳೆಯಲಾರರು. ಸ್ನೇಹವನ್ನು ಒಡವೆ ಕೊಟ್ಟು ಕೊಳ್ಳಬಹುದೇ ಎಂಬ ಆಕ್ಷೇಪವನ್ನು ಈಗಾಗಲೇ ಹಲವರು ಎತ್ತಿದ್ದಾರೆ. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಪ್ರಕೃತ ವಿಚಾರವು ಹುರುಪೆಯನ್ನು ಕುರಿತದ್ದು. ಹುರುಪೆಯು ಮೀನಿನ ಒಡವೆಯಲ್ಲ, ಅದರ ಮೈ. ಅದು ಚರ್ಮದಲ್ಲಿ ಬೇರೂರಿ ಮೀನಿನೊಡನೆಯೇ ಬೆಳೆಯುತ್ತದೆ; ಮರದ ಕಾಂಡದಲ್ಲಿ ಕಾಣುವಂಥ ಬಳೆಗಳು ಅದರಲ್ಲಿ ಬೀಳುವುದರಿಂದ ಅದನ್ನು ನೋಡಿ ಮೀನಿನ ವಯಸ್ಸನ್ನು ಹೇಳುವುದುಂಟು. ಹುರುಪೆ ಕಿತ್ತ ಜಾಗವು ಗಾಯ. ರೋಗಾಣುಗಳು ಒಳನುಗ್ಗಲು ಬಾಗಿಲು. ಮೀನಿನ ಮಿರುಗಿಗೂ ಕಾರಣವುಂಟು: ಚರ್ಮದ ಕೋಶಗಳಲ್ಲಿರುವ ಗ್ವಾನೀನ್ ಎಂಬ ವಸ್ತುವಿನ ಹರಳುಗಳು ಬೆಳಕನ್ನು ಹಿಂದಿರುಗಿಸುವುದರಿಂದ ಮೀನು ಬೆಳ್ಳಿಯಂತೆ ಹೊಳೆದು, ಕೆಳಗಿನಿಂದ ನೋಡುವ ಬೇಟೆಗಾರನಿಗೆ ನೀರಿನ ಬೆಳಕಿನಲ್ಲಿ ಬೆರೆತು ಕಾಣದಂತಾಗುತ್ತದೆ. ಹೊಳಪು ಮೀನಿಗೆ ಗರ್ವದ ಕಾರಣವಲ್ಲ, ಅಡಗಿಕೊಳ್ಳುವ ಉಪಾಯ! ಇಷ್ಟು ದೊಡ್ಡ ವಿಸ್ಮಯವನ್ನು ಎದುರಿಗಿಟ್ಟುಕೊಂಡ ಪುಸ್ತಕವು ಅದನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಲಿಲ್ಲ. ಇನ್ನು ಸಣ್ಣ ಮೀನುಗಳಿಗೆ ಸಮಾಜಧರ್ಮವನ್ನು ಬೋಧಿಸುವ ಅಷ್ಟಪದಿ ಮಾಂಸಾಹಾರಿ. ಮೀನೂ ಅದಕ್ಕೆ ಆಹಾರವೇ.

ಪಂಚತಂತ್ರದಲ್ಲಿಯೂ ಪ್ರಾಣಿಗಳು ಮನುಷ್ಯರಂತೆ ಮಾತನಾಡುವುದಿಲ್ಲವೇ, ಅಲ್ಲಿಲ್ಲದ ಆಕ್ಷೇಪ ಇಲ್ಲೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಂಚತಂತ್ರದ ಕಥೆಗಾರನು ಪ್ರಾಣಿಯನ್ನು ಆಯುವಾಗ ಅದರ ಸ್ವಭಾವವನ್ನು ಬಿಟ್ಟುಕೊಡುವುದಿಲ್ಲ. ಕೆರೆಯ ಮೀನುಗಳನ್ನು ವಂಚಿಸಿ ತಿನ್ನುವ ಕೊಕ್ಕರೆಯು ಒಂದೇ ಕಾಲಿನಲ್ಲಿ ತಪಸ್ವಿಯಂತೆ ನಿಲ್ಲುವ ಕೊಕ್ಕರೆಯೇ. ಅದರ ಕತ್ತನ್ನು ಕತ್ತರಿಸುವ ಏಡಿಯು ಕೊಂಬುಳ್ಳ ಏಡಿಯೇ. ಅಲ್ಲಿ ಕೊಕ್ಕರೆಯ ಬದಲು ಪಾರಿವಾಳವನ್ನಿರಿಸಿದರೆ ಕಥೆ ಬೀಳುತ್ತದೆ. ಫಿಸ್ಟರನ ಮೀನಿನ ಬದಲು ನವಿಲನ್ನೋ ಚಿಟ್ಟೆಯನ್ನೋ ಇರಿಸಿದರೆ ಕಥೆಗೆ ಕೂದಲಷ್ಟೂ ಕೊಂಕಾಗದು. ಆದಕಾರಣ ಅದು ಮೀನಿನ ಕಥೆಯೂ ಅಲ್ಲ, ಕಡಲಿನ ಪುಸ್ತಕವೂ ಅಲ್ಲ. ಅದನ್ನು ನೀತಿಕಥೆಯೆಂದು ಓದಿಸುವವರು ಓದಿಸಲಿ. ಕಡಲಜೀವಿಗಳ ಪಾಠಕ್ಕೆ ಜೊತೆಯಾಗಿ ಓದಿಸುವ ರೂಢಿಯನ್ನು ಬಿಡುವುದು ಲೇಸು.

ಲಿಯೋ ಲಿಯೋನ್ನಿಯ 'ಸ್ವಿಮ್ಮಿ' (೧೯೬೩) ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸುಲಭವಾಗಿ ಸೇರದು. ಆದುದರಿಂದಲೇ ಅದು ಹೆಚ್ಚು ವಿಚಾರಯೋಗ್ಯವಾದುದು. ಕೆಂಪುಮೀನುಗಳ ಹಿಂಡಿನಲ್ಲಿ ಒಂದು ಮಾತ್ರ ಕಪ್ಪು. ದೊಡ್ಡ ಮೀನೊಂದು ಹಿಂಡನ್ನೆಲ್ಲ ನುಂಗಿದಾಗ ಈ ಕಪ್ಪುಮೀನು ತಪ್ಪಿಸಿಕೊಳ್ಳುತ್ತದೆ. ಒಂಟಿಯಾಗಿ ಆಳದಲ್ಲಿ ಅಲೆಯುತ್ತ, ಲೋಳೆಯಂಥ ಮೆಡೂಸಾ, ಕಡಲಕಳೆಯ ಕಾಡು, ಉದ್ದವಾದ ಹಾವುಮೀನು, ಗಾಳಿಗೆ ತೂಗುವ ಮರಗಳಂತಿರುವ ಕಡಲಹೂವುಗಳನ್ನು ಕಂಡು ದುಃಖವನ್ನು ಮರೆಯುತ್ತದೆ. ಕೊನೆಗೆ ಇನ್ನೊಂದು ಕೆಂಪುಹಿಂಡನ್ನು ಕಂಡು, ಎಲ್ಲರೂ ಸೇರಿ ಒಂದು ದೊಡ್ಡ ಮೀನಿನ ಆಕಾರದಲ್ಲಿ ಈಜುವಂತೆ ಕಲಿಸಿ, ತಾನು ಅದರ ಕಣ್ಣಾಗಿ ನಿಲ್ಲುತ್ತದೆ.

ನಡುವಿನ ಅಲೆದಾಟದ ಪುಟಗಳು ಈ ಪುಸ್ತಕದ ಸಾರ. ಲಿಯೋನ್ನಿಯು ಮುದ್ರೆಯೊತ್ತಿದಂತೆಯೂ ನೀರಿನಲ್ಲಿ ಬಣ್ಣ ಹರಡಿದಂತೆಯೂ ಕಾಣುವ ರೀತಿಯಲ್ಲಿ ಚಿತ್ರಿಸಿರುವುದರಿಂದ ಗೆರೆಗಳಿಗೆ ಅಂಚಿಲ್ಲ. ನೀರಿನ ಒಳಗೆ ಕಣ್ಣು ತೆರೆದರೆ ವಸ್ತುಗಳು ಹಾಗೆಯೇ ಮಸುಕಾಗಿ ಕಾಣುವುದು. ಇದು ಪ್ರಾಣಿಯ ಸ್ವಭಾವೋಕ್ತಿಯಲ್ಲ, ನೀರಿನ ಸ್ವಭಾವೋಕ್ತಿ. ಮಾತಿನ ಕವಿಗೆ ಬಹು ಪ್ರಯಾಸದಿಂದ ಸಾಧ್ಯವಾಗುವುದನ್ನು ಚಿತ್ರಕಾರನು ಕುಂಚದ ಗುಣದಿಂದಲೇ ಸಾಧಿಸಿದ್ದಾನೆ. ಅಳಲನ್ನು ಕಳೆಯಲು ಮೀನಿಗೆ ಯಾರೂ ಬೋಧೆ ಮಾಡುವುದಿಲ್ಲ. ಕಡಲಿನ ಸೌಂದರ್ಯವೇ ಆ ಕೆಲಸ ಮಾಡುತ್ತದೆ.

ಕೊನೆಯ ಉಪಾಯದಲ್ಲಿ ಸತ್ಯವೂ ಮಿಥ್ಯೆಯೂ ಹೆಣೆದುಕೊಂಡಿವೆ. ಸಣ್ಣ ಮೀನುಗಳು ಹಿಂಡುಗಟ್ಟುವುದೂ, ಹಿಂಡಿನಲ್ಲಿ ಒಂದನ್ನು ಗುರಿಹಿಡಿಯಲಾರದೆ ಬೇಟೆಗಾರನು ಕಂಗೆಡುವುದೂ ಸತ್ಯ. ಪಟ್ಟೆಯ ಕಡಲಕೂರಿಯ ಮರಿಗಳು ಒತ್ತೊತ್ತಾಗಿ ಉಂಡೆಗಟ್ಟಿ ಸಾಗುವುದನ್ನು ಹಿಂದೂಮಹಾಸಾಗರದಲ್ಲಿಯೂ ಕಾಣಬಹುದು. ಆದರೆ ನಿಜವಾದ ಹಿಂಡಿಗೆ ನಾಯಕನಿಲ್ಲ. ಪ್ರತಿ ಮೀನೂ ತನ್ನ ಕಣ್ಣಿನಿಂದಲೂ, ಮೈಯ ಪಕ್ಕದ ಗೆರೆಯಲ್ಲಿ ನೀರಿನ ಕಂಪನವನ್ನು ಅರಿಯುವ ಇಂದ್ರಿಯದಿಂದಲೂ ನೆರೆಯ ಮೀನಿನೊಡನೆ ಅಂತರವನ್ನು ಕಾಯ್ದುಕೊಳ್ಳುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಒಂದೇ ಬಣ್ಣದ ಹಿಂಡಿನಲ್ಲಿ ಬೇರೆ ಬಣ್ಣದ ಮೀನು ಬೇಟೆಗಾರನ ಕಣ್ಣಿಗೆ ಬೇಗ ಬೀಳುವುದೆಂದು ಪ್ರಯೋಗಗಳು ತೋರಿಸಿವೆ. ಎಂದರೆ ನಿಸರ್ಗದಲ್ಲಿ ಮೊದಲು ಸಾಯಬೇಕಾದವನನ್ನು ಲಿಯೋನ್ನಿ ಬದುಕಿಸಿದ್ದಾನೆ. ಅಷ್ಟಕ್ಕೇ ನಿಂತಿದ್ದರೆ ಇದು ಹುಸಿ. ಅವನು ಆ ಕಪ್ಪನ್ನು ಕಣ್ಣಾಗಿಸಿದನು. ಚಿಟ್ಟೆಮೀನುಗಳಂಥ ಹಲವು ಮೀನುಗಳ ಬಾಲದ ಬಳಿ ಕಪ್ಪು ಸುಳ್ಳುಗಣ್ಣು ಇದ್ದು ಬೇಟೆಗಾರನನ್ನು ವಂಚಿಸುತ್ತದೆ. ಹಿಂಡಿನ ಸತ್ಯ, ಸುಳ್ಳುಗಣ್ಣಿನ ಸತ್ಯ ಎರಡನ್ನೂ ಕೂಡಿಸಿ ಕಲ್ಪಿತವಾದ ಮೂರನೆಯದನ್ನು ಮಾಡಿರುವುದರಿಂದ ಇದು ಸ್ವಭಾವಕ್ಕೆ ದ್ರೋಹವಾಗದೆ ಅದರ ಮೇಲೆ ಎತ್ತಿದ ಉಪ್ಪರಿಗೆಯಾಗಿದೆ. ಕುಂತಕನ ವಕ್ರತೆಗೆ ಇಲ್ಲಿ ಸ್ಥಾನ ದೊರೆಯಿತು, ಆದರೆ ತಳಹದಿ ಸ್ವಭಾವೋಕ್ತಿಯೇ.

ಪುಸ್ತಕದ ಆಕಾರವೇ ಪಾಠವಾಗುವ ಕೃತಿಗಳ ವಿಚಾರವನ್ನೂ ಸಂಕ್ಷೇಪವಾಗಿ ಹೇಳಬಹುದು. ಕಾರ್ಲನ 'ಮಿಸ್ಟರ್ ಸೀಹಾರ್ಸ್' (೨೦೦೪) ಗಂಡು ಕಡಲಕುದುರೆಯು ಮೊಟ್ಟೆಗಳನ್ನು ತನ್ನ ಹೊಟ್ಟೆಯ ಚೀಲದಲ್ಲಿ ಹೊರುವುದನ್ನು ಹೇಳುತ್ತದೆ. ನಡುನಡುವೆ ಪಾರದರ್ಶಕವಾದ ಹಾಳೆಗಳ ಮೇಲೆ ಬಂಡೆಯನ್ನೋ ಜೊಂಡನ್ನೋ ಚಿತ್ರಿಸಿ, ಹಿಂದೆ ಮೀನುಗಳನ್ನು ಅಡಗಿಸಿದ್ದಾರೆ. ಹಾಳೆ ಮಗುಚಿದಾಗಲೇ ಮೀನು ಕಾಣುವುದು. ಅಡಗುವಿಕೆಯೆಂದರೇನೆಂಬುದು ಮಗುವಿನ ಬೆರಳಿಗೆ ತಿಳಿಯುತ್ತದೆ. ಸ್ಟೀವ್ ಜೆಂಕಿನ್ಸನ 'ಡೌನ್, ಡೌನ್, ಡೌನ್' (೨೦೦೯) ಕತ್ತರಿಸಿದ ಕಾಗದದ ಚಿತ್ರಗಳಿಂದ ಮೇಲ್ನೀರಿನಿಂದ ಸುಮಾರು ೧೧,೦೦೦ ಮೀಟರ್ ಆಳದ ಮರಿಯಾನಾ ಕಂದಕದವರೆಗೆ ಇಳಿಯುತ್ತದೆ. ಅಂಚಿನಲ್ಲಿ ಆಳದ ಅಳತೆ ಪುಟದಿಂದ ಪುಟಕ್ಕೆ ಏರುತ್ತಿದ್ದರೆ ನೀಲಿಯು ಕಪ್ಪಾಗುತ್ತದೆ. ನೀಲಿಕೋಣೆಯ ಭ್ರಮೆಗೆ ಇದು ನೇರವಾದ ಮದ್ದು. ಮಾಲಿ ಬ್ಯಾಂಗ್ ಮತ್ತು ವಿಜ್ಞಾನಿ ಪೆನ್ನಿ ಚಿಸಮ್ ಇವರ 'ಓಷನ್ ಸನ್‌ಲೈಟ್' (೨೦೧೨) ಕಣ್ಣಿಗೇ ಕಾಣದ ಕಡಲಸಸ್ಯಗಳನ್ನು ಕಥಾವಸ್ತುವಾಗಿ ಆರಿಸಿಕೊಂಡಿದೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧವು ಈ ಕಣಗಳ ಕೆಲಸ. ಸೂರ್ಯನೇ ಕಥೆ ಹೇಳುವುದರಿಂದ ಮಾತು ಕೆಲವೆಡೆ ಉಪನ್ಯಾಸವಾದರೂ, ಕಣದಿಂದ ತಿಮಿಂಗಿಲದವರೆಗಿನ ಆಹಾರದ ಸರಣಿಯನ್ನು ಮಕ್ಕಳಿಗೆ ಇಷ್ಟು ಧೈರ್ಯದಿಂದ ತೋರಿಸಿದ ಪುಸ್ತಕಗಳು ವಿರಳ.

ಕನ್ನಡದಲ್ಲಿ ಲೋಕದ ವಸ್ತುಗಳನ್ನು ಚಿತ್ರಸಹಿತವಾಗಿ ಮಕ್ಕಳಿಗೆ ತಿಳಿಸುವ ಮಹಾಪ್ರಯತ್ನವು ೧೯೩೬ರಷ್ಟು ಹಿಂದೆಯೇ ಕೋಟದ ಕಡಲತಡಿಯಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ನಡೆಯಿತು. ಈಚೆಗೆ ಬರುವ ಕಡಲಪುಸ್ತಕಗಳಲ್ಲಿ ಬಹಳಷ್ಟು ಅನುವಾದಗಳು. ಅವುಗಳ ತೊಡಕೆಲ್ಲ ಹೆಸರುಗಳಲ್ಲಿ ಬಂದು ನಿಲ್ಲುತ್ತದೆ. ನಕ್ಷತ್ರಮೀನೆಂದು ಇಂಗ್ಲಿಷನ್ನು ಅನುಸರಿಸಿ ಅನುವಾದಿಸಿದಾಗ ಮೀನಲ್ಲದುದಕ್ಕೆ ಮೀನೆಂಬ ಹೆಸರು ಅಂಟಿತು. ಇಂಗ್ಲಿಷಿನವರು ಅದನ್ನು ಬಿಟ್ಟು ಕಡಲನಕ್ಷತ್ರವೆಂಬ ಅರ್ಥದ ಹೆಸರಿಗೆ ಹೊರಳುತ್ತಿರುವಾಗ ಕನ್ನಡವು ಅದನ್ನು ಹಿಡಿದುಕೊಂಡಿರಬೇಕಾಗಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಬಲೆಯೆಳೆಯುವವರ ನಾಲಗೆಯಲ್ಲಿ ಬಂಗುಡೆ, ಬೂತಾಯಿ, ಅಂಜಲ್, ತೊರಕೆ, ಚಟ್ಲಿ ಎಂಬ ಜೀವಂತ ಮಾತುಗಳಿರುವಾಗ ಅನುವಾದಕರು ಕೋಶದಲ್ಲಿ ಹುಡುಕಿ ಹೊಸ ಸಮಾಸಗಳನ್ನು ಕಟ್ಟುವುದು ವಿಚಿತ್ರ. ಹವಳವನ್ನು ದೂರದ ಆಸ್ಟ್ರೇಲಿಯದ ವಸ್ತುವಾಗಿ ತೋರಿಸುವ ಪುಸ್ತಕದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಜೀವಿಗಳಿವೆಯೆಂದು ಒಂದು ಸಾಲು ಸೇರಿಸಿದರೆ ಒಳನಾಡಿನ ಮಗುವಿಗೆ ಕಡಲು ಇನ್ನಷ್ಟು ಹತ್ತಿರವಾದೀತು.

ಸಂನ್ಯಾಸಿ ಏಡಿಯೆಂಬ ಹೆಸರನ್ನು ಮಾತ್ರ ಕದಲಿಸುವುದು ಬೇಡ. ಹೆಗಲ ಮೇಲೆ ಮನೆ ಹೊತ್ತವನು ಗೃಹಸ್ಥನೇ ಹೊರತು ಸಂನ್ಯಾಸಿಯಲ್ಲವೆಂದು ವೈಯಾಕರಣರು ನಗಬಹುದು. ಪ್ರಾಣಿಶಾಸ್ತ್ರಜ್ಞರೂ ಈ ವಿನೋದದಿಂದ ತಪ್ಪಿಸಿಕೊಂಡವರಲ್ಲ: ಈ ಏಡಿಗಳ ಒಂದು ಕುಲಕ್ಕೆ ಅವರು ಮಡಕೆಯಲ್ಲಿ ವಾಸಮಾಡುತ್ತಿದ್ದನೆಂದು ಪ್ರಸಿದ್ಧನಾದ ಗ್ರೀಕ್ ವಿರಾಗಿ ಡಯೋಜಿನಿಸನ ಹೆಸರನ್ನೂ, ನೆಲದ ಮೇಲೆ ಗುಂಪಾಗಿ ಬಾಳುವ ಇನ್ನೊಂದು ಕುಲಕ್ಕೆ ಮಠದಲ್ಲಿ ಕೂಡಿ ಬಾಳುವ ಯತಿಯೆಂಬ ಅರ್ಥದ ಸೀನೊಬೈಟಾ ಎಂಬ ಹೆಸರನ್ನೂ ಇಟ್ಟಿರುವರು. ಕಾರ್ಲನ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳುವಾಗ, ಸಂನ್ಯಾಸಿಗೆ ಮನೆಯೇಕೆ ಎಂದು ಯಾವ ಮಗುವಾದರೂ ಕೇಳಿಯೇ ಕೇಳುತ್ತದೆ. ಆಗ ಉಪಾಧ್ಯಾಯರು ಪುಸ್ತಕವನ್ನು ಮಡಿಸಿಟ್ಟು, ಕಪ್ಪುಹಲಗೆಯ ಮೇಲೆ ಸುರುಳಿಯಾದ ಆ ಮೆತ್ತನೆಯ ಹೊಟ್ಟೆಯನ್ನು ಬರೆದು ತೋರಿಸಬೇಕಾಗುವುದು. ಕಾರ್ಲನು ಚಿಪ್ಪಿನೊಳಗೆ ಅಡಗಿಸಿ ಬಿಟ್ಟದ್ದು ಅದನ್ನೇ.